ಕೊನೆಯ ಪಂಕ್ತಿ

ಮದುವೆಯ ಮನೆಯಲ್ಲಿ ಊಟದ ಪಂಕ್ತಿಗಳು ಎಷ್ಟೇ ಆಗಲಿ, ನನಗೆ ಅಚ್ಚುಮೆಚ್ಚಿನದು ಕೊನೆಯ ಪಂಕ್ತಿ. ಮೊದಲನೆಯದರಲ್ಲಿ ಬೀಗರಿರುತ್ತಾರೆ, ಊರಿನ ಗಣ್ಯರಿರುತ್ತಾರೆ. ಅಲ್ಲಿ ಊಟಕ್ಕಿಂತ ಉಪಚಾರ ಹೆಚ್ಚು. ಬಡಿಸುವವನಿಗೆ ಭಯ, ಉಣ್ಣುವವನಿಗೆ ಸಂಕೋಚ. ಅವರೆಲ್ಲ ತಾಂಬೂಲ ಹಿಡಿದು ಹೊರಟ ಮೇಲೆ, ಬೆಳಗಿನಿಂದ ಓಡಾಡಿ ದಣಿದ ಮನೆಯವರೂ ನೆರೆಯವರೂ ಅಡಿಗೆಯವರೂ ಎಲೆಯ ಮುಂದೆ ಕುಳಿತುಕೊಳ್ಳುತ್ತಾರೆ. ಪಾಯಸ ತುಸು ಆರಿರಬಹುದು, ಹಪ್ಪಳ ಮೆತ್ತಗಾಗಿರಬಹುದು. ಆದರೂ ‘ಈ ಮದುವೆ ನಮ್ಮದು’ ಎಂಬ ಭಾವನೆ ಬರುವುದು ಆಗಲೇ.

ಜರ್ಮನಿಯ ಬರ್ಲಿನ್ ನಗರದ ಚಲನಚಿತ್ರೋತ್ಸವದ ವರದಿಗಳನ್ನು ಓದುತ್ತಿದ್ದಾಗ ಈ ಮಾತು ನೆನಪಿಗೆ ಬಂದಿತು. 2025ರ ಫೆಬ್ರವರಿ 13ರಿಂದ 23ರವರೆಗೆ ಅದರ 75ನೆಯ ಉತ್ಸವ ನಡೆಯಿತು. ಶನಿವಾರ ಸಂಜೆ ಬಹುಮಾನಗಳನ್ನು ಹಂಚಿದರು. ಬರ್ಲಿನ್ನಿನ ಲಾಂಛನವಾದ ಕರಡಿಯೇ ಅಲ್ಲಿನ ಬಹುಮಾನ. ಚಿನ್ನದ ಕರಡಿ ನಾರ್ವೆಯ ಡಾಗ್ ಯೋಹಾನ್ ಹೌಗೆರುಡ್ ಅವರ ‘ಡ್ರೀಮ್ಸ್’ ಚಿತ್ರದ ಪಾಲಾಯಿತು. ಪತ್ರಿಕೆಗಳ ಮಟ್ಟಿಗೆ ಅಲ್ಲಿಗೆ ಉತ್ಸವ ಮುಗಿಯಿತು.

ಇಷ್ಟನ್ನು ಓದಿ ಹೇಳಿದಾಗ ನಮ್ಮ ಮನೆಯಾಕೆ ಬೆರಳು ಮಡಿಸಿ ಲೆಕ್ಕ ಹಾಕಿ ಕೇಳಿದಳು: “ಅಲ್ಲ ಅಂದ್ರೆ, ಬಹುಮಾನ ಶನಿವಾರವೇ ಕೊಟ್ಟಾಯಿತಲ್ಲ, ಇನ್ನು ಭಾನುವಾರ ಯಾರಿಗಾಗಿ?”

ಪ್ರಶ್ನೆ ಸಾಮಾನ್ಯವಾದುದಲ್ಲ. ಉತ್ತರ ಮಾತ್ರ ಸರಳ: ಭಾನುವಾರ ಊರಿನವರಿಗಾಗಿ. ಆ ಕಡೆಯ ದಿನಕ್ಕೆ ಬರ್ಲಿನ್ನಿನವರು ‘ಪ್ರೇಕ್ಷಕರ ದಿನ’ ಎಂಬ ಅರ್ಥ ಬರುವ ಹೆಸರನ್ನೇ ಇಟ್ಟಿದ್ದಾರೆ. ತಾರೆಯರೂ ತೀರ್ಪುಗಾರರೂ ವ್ಯಾಪಾರಿಗಳೂ ಊರು ಬಿಡುವ ಹೊತ್ತಿನಲ್ಲಿ, ಉತ್ಸವದ ಚಿತ್ರಗಳನ್ನು ನಗರದ ಜನಕ್ಕಾಗಿ ಮತ್ತೆ ತೋರಿಸುತ್ತಾರೆ. ಫೆಬ್ರವರಿಯ ಕೊರೆಯುವ ಚಳಿಯಲ್ಲಿ ದಪ್ಪ ಕೋಟುಗಳನ್ನು ತೊಟ್ಟು ಗಂಡ, ಹೆಂಡತಿ, ವಿದ್ಯಾರ್ಥಿಗಳು, ಮುದುಕರು ಚಿತ್ರಮಂದಿರಗಳಿಗೆ ಬರುತ್ತಾರೆ. ಇದೇನೂ ಅಲ್ಪಸ್ವಲ್ಪ ಜನವಲ್ಲ. ಆ ಒಂದು ಉತ್ಸವದಲ್ಲಿ ಮಾರಾಟವಾಗುವ ಟಿಕೆಟ್ಟುಗಳು 3 ಲಕ್ಷಕ್ಕೂ ಮಿಗಿಲು.

ಜನರಿಗೆ ಈ ಪಂಕ್ತಿ ಸುಮ್ಮನೆ ದೊರೆತದ್ದಲ್ಲ. ಉತ್ಸವ ಮೊದಲಾದದ್ದು 1951ರ ಜೂನ್ 6ರಂದು, ‘ಟಿಟಾನಿಯಾ ಪಾಲಾಸ್ಟ್’ ಎಂಬ ಚಿತ್ರಮಂದಿರದಲ್ಲಿ, ಹಿಚ್‌ಕಾಕ್ ಅವರ ‘ರೆಬೆಕಾ’ ಚಿತ್ರದಿಂದ. ಮಹಾಯುದ್ಧ ಮುಗಿದು ಆರು ವರ್ಷವಾಗಿದ್ದಿತು. ನಗರದ ತುಂಬ ಕುಸಿದ ಗೋಡೆಗಳು. ಗೆದ್ದ ನಾಲ್ಕು ರಾಷ್ಟ್ರಗಳು ಊರನ್ನು ಹಂಚಿಕೊಂಡಿದ್ದವು. ಉಣ್ಣಲು ಉಡಲು ಕಷ್ಟವಿದ್ದ ಊರಿಗೆ ಸಿನಿಮಾ ಹಬ್ಬವೇಕೆ ಎಂದು ಯಾರಾದರೂ ಕೇಳಿದ್ದರೆ ತಪ್ಪೆನ್ನಲಾಗದು. ಉತ್ಸವದ ಹಿಂದೆ ಅಮೆರಿಕದ ಆಡಳಿತದವರ ಪ್ರೇರಣೆಯಿತ್ತು. ಪೂರ್ವದ ಕಮ್ಯುನಿಸ್ಟ್ ಆಡಳಿತಕ್ಕೆ ಎದುರಾಗಿ ಪಶ್ಚಿಮದ ವೈಭವವನ್ನು ತೋರಿಸುವ ಉದ್ದೇಶವೂ ಇತ್ತು. ಉದ್ದೇಶ ಏನೇ ಇರಲಿ, ಜನ ಬಂದರು. ಅವರಲ್ಲಿ ಪೂರ್ವ ಭಾಗದವರೂ ಇದ್ದರು. ಗಡಿಯ ಅಂಚಿನ ಚಿತ್ರಮಂದಿರಗಳಲ್ಲಿ ಅವರಿಗೆಂದು ಕಡಿಮೆ ದರದಲ್ಲಿ ಟಿಕೆಟ್ಟು ದೊರೆಯುತ್ತಿದ್ದಿತು.

ಇನ್ನೂ ಸ್ವಾರಸ್ಯವಾದ ಸಂಗತಿಯೊಂದುಂಟು. 1952ರಿಂದ 1955ರವರೆಗೆ ಅಲ್ಲಿ ಬಹುಮಾನವನ್ನು ನಿರ್ಣಯಿಸುತ್ತಿದ್ದವರು ಪಂಡಿತರಲ್ಲ, ಪ್ರೇಕ್ಷಕರು. ಚಿತ್ರ ನೋಡಿದವರ ಮತಗಳ ಮೇಲೆಯೇ ಕರಡಿ ಯಾರ ಮನೆಗೆ ಹೋಗಬೇಕೆಂಬುದು ತೀರ್ಮಾನವಾಗುತ್ತಿದ್ದಿತು. ಸಾಮಾನ್ಯ ಜನಕ್ಕೆ ಅಭಿರುಚಿಯಿಲ್ಲವೆಂದು ಮೂಗು ಮುರಿಯುವವರು ಆ ಪಟ್ಟಿಯನ್ನು ನೋಡಬೇಕು. 1953ರಲ್ಲಿ ಅವರು ಆರಿಸಿದ್ದು ಫ್ರಾನ್ಸಿನ ಕ್ಲೂಜೋ ಅವರ ‘ದಿ ವೇಜಸ್ ಆಫ್ ಫಿಯರ್’; 1954ರಲ್ಲಿ ಡೇವಿಡ್ ಲೀನ್ ಅವರ ‘ಹಾಬ್ಸನ್ಸ್ ಚಾಯ್ಸ್’. ಎರಡೂ ಇಂದಿಗೂ ಬಾಳುವ ಚಿತ್ರಗಳೇ. 1956ರಲ್ಲಿ ಅಂತರರಾಷ್ಟ್ರೀಯ ತೀರ್ಪುಗಾರರ ಮಂಡಲಿ ಬಂದಿತು. ಮಂಡಲಿ ನಮ್ಮವರನ್ನೂ ಮನ್ನಿಸಿತೆನ್ನಬೇಕು: ಶಾಂತಾರಾಮರ ‘ದೋ ಆಂಖೇಂ ಬಾರಹ್ ಹಾಥ್’ 1958ರಲ್ಲಿ ಬೆಳ್ಳಿಯ ಕರಡಿಯನ್ನು ಪಡೆಯಿತು. ನಿರ್ದೇಶನಕ್ಕಾಗಿ ಸತ್ಯಜಿತ್ ರಾಯ್ ಅವರಿಗೆ 1964ರಲ್ಲಿ ‘ಮಹಾನಗರ’ದಿಂದಲೂ 1965ರಲ್ಲಿ ‘ಚಾರುಲತಾ’ದಿಂದಲೂ ಬೆಳ್ಳಿಯ ಕರಡಿ ಬಂದಿತು. 1973ರಲ್ಲಿ ಅವರ ‘ಅಶನಿ ಸಂಕೇತ’ಕ್ಕೆ ಚಿನ್ನದ ಕರಡಿಯೇ ದೊರೆಯಿತು.

ಈ ನಡುವೆ ಪಂಕ್ತಿಯಿಂದ ಒಂದು ಪಾಲಿನ ಜನ ಎದ್ದುಹೋಗಬೇಕಾಯಿತು. 1961ರ ಆಗಸ್ಟ್ 13ರಂದು ಊರಿನ ನಡುವೆ ತಡೆ ಎದ್ದಿತು. ಅದೇ ಮುಂದೆ ಗೋಡೆಯಾಯಿತು. ಆ ಬೇಸಿಗೆಯ ಉತ್ಸವಕ್ಕೆ ಪೂರ್ವದಿಂದ ನಡೆದು ಬಂದವರಿಗೆ ಮರುವರ್ಷ ದಾರಿಯಿರಲಿಲ್ಲ. ಎರಡು ಬೀದಿಯಾಚೆ ಹಬ್ಬ ನಡೆಯುತ್ತಿದ್ದರೂ ಅದು ಪರದೇಶದ ಮಾತಾಯಿತು. ಹೀಗೆ 28 ವರ್ಷ ಕಳೆದವು. 1989ರ ನವೆಂಬರಿನಲ್ಲಿ ಗೋಡೆ ತೆರೆಯಿತು. 1990ರ ಫೆಬ್ರವರಿಯಲ್ಲಿ 40ನೆಯ ಉತ್ಸವ ನಗರದ ಎರಡೂ ಭಾಗಗಳ ಚಿತ್ರಮಂದಿರಗಳಲ್ಲಿ ನಡೆಯಿತು. 1961ರಲ್ಲಿ ಇಪ್ಪತ್ತರ ಹರೆಯದಲ್ಲಿ ಟಿಕೆಟ್ಟಿಗಾಗಿ ನಿಂತಿದ್ದವನು ಮತ್ತೆ ಆ ಸಾಲಿಗೆ ಬರುವಾಗ ಐವತ್ತರ ಹತ್ತಿರ ಬಂದಿರಬೇಕು. ಒಂದು ಟಿಕೆಟ್ಟಿಗಾಗಿ ಅರ್ಧ ಆಯುಷ್ಯ ಕಾಯುವುದೆಂದರೆ ಏನೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ. 2000ದಲ್ಲಿ ಉತ್ಸವದ ಮುಖ್ಯ ಸ್ಥಾನ ‘ಪೋಟ್ಸ್‌ಡಾಮರ್ ಪ್ಲಾಟ್ಸ್’ ಎಂಬ ಚೌಕಕ್ಕೆ ಬಂದಿತು. ಅದು ಹಿಂದೆ ಗೋಡೆ ಹಾದುಹೋಗಿ ಬಯಲಾಗಿದ್ದ ಜಾಗವೇ.

ಉತ್ಸವದಲ್ಲಿ ಜಗಳವೇ ಆಗಲಿಲ್ಲವೆಂದು ತಿಳಿಯಬೇಡಿ. 1970ರಲ್ಲಿ ಮಿಖಾಯೆಲ್ ವೆರ್‌ಹೂವೆನ್ ಎಂಬ ಜರ್ಮನ್ ನಿರ್ದೇಶಕನ ‘ಓ.ಕೆ.’ ಚಿತ್ರ ದೊಡ್ಡ ಗದ್ದಲವನ್ನೆಬ್ಬಿಸಿತು. ವಿಯೆಟ್ನಾಮಿನಲ್ಲಿ ಅಮೆರಿಕದ ಸೈನಿಕರು ಒಬ್ಬ ಹುಡುಗಿಯ ಮೇಲೆ ನಡೆಸಿದ ಘೋರಕೃತ್ಯ ಆ ಚಿತ್ರದ ವಸ್ತು. ಅಮೆರಿಕದವರಾದ ತೀರ್ಪುಗಾರರ ಅಧ್ಯಕ್ಷ ಜಾರ್ಜ್ ಸ್ಟೀವನ್ಸ್ ಅದನ್ನು ವಿರೋಧಿಸಿದರು. ಮಂಡಲಿ ಒಡೆಯಿತು, ಎಲ್ಲರೂ ರಾಜೀನಾಮೆಯಿತ್ತರು, ಆ ವರ್ಷ ಬಹುಮಾನಗಳೇ ಇಲ್ಲವಾದವು. ಆದರೆ ಮುರಿದ ಜಾಗದಿಂದಲೇ ಒಂದು ಚಿಗುರು ಬಂದಿತು. 1971ರಿಂದ, ಹೊಸ ಹಾದಿಯ ಚಿತ್ರಗಳಿಗಾಗಿ ‘ಫೋರಮ್’ ಎಂಬ ವಿಭಾಗ ಉತ್ಸವದ ಜೊತೆಯಲ್ಲಿ ಮೊದಲಾಯಿತು. ಅಲ್ಲಿ ಬಹುಮಾನಕ್ಕಿಂತ ನೋಡುವುದೂ ನೋಡಿದ್ದನ್ನು ಕುರಿತು ಮಾತನಾಡುವುದೂ ಮುಖ್ಯ.

ಆ ಫೋರಮ್ಮಿಗೂ ನಮಗೂ 2025ರಲ್ಲಿ ನಂಟು ಕೂಡಿತು. ನಟೇಶ ಹೆಗಡೆಯವರ ಕನ್ನಡ ಚಿತ್ರ ‘ವಾಘಾಚಿಪಾಣಿ’ ಅಲ್ಲಿ ಪ್ರದರ್ಶಿತವಾಯಿತು. ಮಲೆನಾಡಿನ ಒಂದು ಹಳ್ಳಿ; ಸ್ಥಳೀಯ ಚುನಾವಣೆಗೆ ನಿಂತ ಪ್ರಬಲನೊಬ್ಬ; ಆಸರೆಯಿಲ್ಲದ ಒಬ್ಬ ಹುಡುಗಿ. ಬಲವಿದ್ದವನ ಮಾತಿಗೂ ಬಲವಿಲ್ಲದವಳ ಮೌನಕ್ಕೂ ನಡುವೆ ಊರು ಯಾವ ಕಡೆ ನಿಲ್ಲುತ್ತದೆ ಎಂಬ ಪ್ರಶ್ನೆ ಆ ಚಿತ್ರದ್ದು. ಕನ್ನಡವನ್ನು ಎಂದೂ ಕೇಳದ ಜನ ಹಿಮದ ಊರಿನಲ್ಲಿ ಕುಳಿತು ನಮ್ಮ ಮಳೆಕಾಡಿನ ಹಳ್ಳಿಯೊಂದರ ಸಂಕಟವನ್ನು ನೋಡಿದರಲ್ಲ, ಅದು ನನಗೆ ಯಾವ ಕರಡಿಗೂ ಕಡಿಮೆಯಲ್ಲ.

ಮತ್ತೆ ಆ ಭಾನುವಾರಕ್ಕೆ ಬರೋಣ. 2025ರ ಫೆಬ್ರವರಿ 23 ಬರ್ಲಿನ್ನಿನವರಿಗೆ ಬರಿಯ ಪ್ರೇಕ್ಷಕರ ದಿನವಾಗಿರಲಿಲ್ಲ. ಜರ್ಮನಿಯ ಸಂಸತ್ತಿಗೆ ಮತದಾನದ ದಿನವೂ ಆಗಿದ್ದಿತು. ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ಮತಗಟ್ಟೆಗಳು ತೆರೆದಿದ್ದವು, ಅದೇ ಹೊತ್ತಿನಲ್ಲಿ ಚಿತ್ರಮಂದಿರಗಳೂ ತೆರೆದಿದ್ದವು. ಬೆಳಿಗ್ಗೆ ತನ್ನ ದೇಶದ ಆಳಿಕೆ ಯಾರಿಗೆಂದು ಗುರುತು ಹಾಕಿ, ಮಧ್ಯಾಹ್ನ ಬೇರೊಂದು ದೇಶದವರ ಬಾಳನ್ನು ನೋಡಲು ಕತ್ತಲೆಯಲ್ಲಿ ಕುಳಿತವರು ಅನೇಕರಿದ್ದಿರಬೇಕು. ಒಂದಾನೊಂದು ಕಾಲಕ್ಕೆ ಈ ಎರಡು ಹಕ್ಕುಗಳನ್ನೂ ಕಳೆದುಕೊಂಡಿದ್ದ ಊರು ಅದು. ಎರಡನ್ನೂ ಒಂದೇ ದಿನ ಚಲಾಯಿಸಿದಾಗ ಅದರ ಬೆಲೆಯನ್ನು ಅಲ್ಲಿನ ಮುದುಕರಾದರೂ ಬಲ್ಲರು.

ನಮ್ಮ ಬೆಂಗಳೂರಿನಲ್ಲಿಯೂ 2006ರಿಂದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಉಂಟು. ನಾವು ಮಾಡುವುದೇನು? ಉದ್ಘಾಟನೆಗೆ ಬಂದ ತಾರೆಯ ಭಾವಚಿತ್ರವನ್ನು ನೋಡುತ್ತೇವೆ, ಪ್ರಶಸ್ತಿಯ ಪಟ್ಟಿಯನ್ನು ಓದುತ್ತೇವೆ, ಪತ್ರಿಕೆ ಮಡಿಸುತ್ತೇವೆ. ಬೀಗರು ಉಂಡ ಸುದ್ದಿ ಕೇಳಿ ಹೊಟ್ಟೆ ತುಂಬಿತೆಂದುಕೊಳ್ಳುವಂತೆ! ಅಲ್ಲಿ ಹಾಕಿದ ಎಲೆ ನಮಗಾಗಿಯೂ ಇದೆ ಎಂಬುದನ್ನು ಮರೆಯುತ್ತೇವೆ. ಊರಿನವರು ಕುಳಿತುಕೊಳ್ಳದ ಹಬ್ಬ, ಎಷ್ಟೇ ವರ್ಷ ನಡೆಯಲಿ, ಪರಸ್ಥಳದವರು ನಡೆಸಿ ಹೋದ ಸಂತರ್ಪಣೆಯಷ್ಟೆ.

ಈ ಉಪನ್ಯಾಸವನ್ನೆಲ್ಲ ಸಹನೆಯಿಂದ ಕೇಳಿದ ಮೇಲೆ ಮನೆಯಾಕೆ ಹೇಳಿದಳು: “ಇಪ್ಪತ್ತು ವರ್ಷದಿಂದ ನಮ್ಮೂರಲ್ಲೇ ನಡೆಯುತ್ತಿದೆ ಅನ್ನುತ್ತೀರಿ. ಒಂದು ದಿನವಾದರೂ ನನ್ನನ್ನು ಕರೆದುಕೊಂಡು ಹೋಗಿದ್ದೀರಾ? ಬೀಗರ ಪಂಕ್ತಿ ನನಗೆ ಬೇಡ, ಕೊನೆಯದಾದರೂ ಸಾಕು.”

ಉತ್ತರ ಕೊಡಲಿಲ್ಲ. ಮುಂದಿನ ವರ್ಷದ ಉತ್ಸವಕ್ಕೆ ಎರಡು ಪಾಸು ಎಂದು ಡೈರಿಯಲ್ಲಿ ಬರೆದಿಟ್ಟಿದ್ದೇನೆ.