ನೆಲೆ ನಿಂತವರಿಗೆ ನೆಲದ ದಾಖಲೆ ಎಂದು?

ನಖಬ್ ಮರುಭೂಮಿಯ ಉಮ್ಮುಲ್ ಹೀರಾನ್ ಬದೂ ಅರಬರ ಗ್ರಾಮವಾಗಿತ್ತು. 1956ರಲ್ಲಿ ಇಸ್ರೇಲಿನ ಸೇನಾಡಳಿತವೇ ಅವರನ್ನು ಅಲ್ಲಿಗೆ ತಂದು ನೆಲೆಗೊಳಿಸಿತ್ತು. ಆದರೆ ಅದು ಗ್ರಾಮವೆಂಬ ಮಾನ್ಯತೆಯನ್ನು ಮಾತ್ರ ಸರಕಾರ ಕೊಡಲಿಲ್ಲ. 2024ರ ನವೆಂಬರ್‌ನಲ್ಲಿ, ಯಹೂದಿ ವಸತಿಗೆ ಜಾಗ ಮಾಡಿಕೊಡಲು, ಕೊನೆಗುಳಿದಿದ್ದ ಮಸೀದಿಯನ್ನೂ ಕೆಡವಲಾಯಿತು. ಇಂತಹ ಸುದ್ದಿಗೆ ನಮ್ಮ ಮನೆಗಳಲ್ಲಿ ಕಣ್ಣೀರಿದೆ, ಇರಲೇಬೇಕು. ಆದರೆ ನೆಲೆ ನಿಂತೂ ದಾಖಲೆಯಿಲ್ಲದವರು ನಮ್ಮ ಊರುಗಳ ಅಂಚಿನಲ್ಲಿಯೂ ಇದ್ದಾರೆ ಎಂಬುದು ನಮಗೆ ತಿಳಿದಿದೆಯೇ?

ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಭಾಗದ ಲಂಬಾಣಿ ತಾಂಡಾಗಳನ್ನು ನೋಡಿರಿ. ಇವರ ಪೂರ್ವಿಕರು ಎತ್ತುಗಳ ಹಿಂಡಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡು ಸುತ್ತಿದವರು. ದಖ್ಖಣಕ್ಕೆ ಬಂದ ಮೊಘಲ್ ಸೇನೆಗಳ ಹಸಿವನ್ನು ಹಿಂಗಿಸಿದವರು. ರೈಲು, ರಸ್ತೆ ಬಂದ ಬಳಿಕ ಆ ಕಸುಬು ಕೈತಪ್ಪಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಅಲೆಮಾರಿಗಳ ಹಣೆಗೆ ಹುಟ್ಟುಗಳ್ಳರೆಂಬ ಪಟ್ಟ ಕಟ್ಟಿತು. ಅದು ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ. ಊರಿನಿಂದ ದೂರ, ಇತರರು ಬೇಡವೆಂದ ನೆಲದಲ್ಲಿ ಅವರು ಬೀಡುಬಿಟ್ಟರು. ನಾಯಕ, ಕಾರಭಾರಿಯರ ಹಿರಿತನದಲ್ಲಿ ತಮ್ಮ ವ್ಯಾಜ್ಯಗಳನ್ನು ತಾವೇ ಬಗೆಹರಿಸಿಕೊಂಡರು. ಬೀಡು ಊರಾಯಿತು, ಆದರೆ ಕಂದಾಯ ದಾಖಲೆಯಲ್ಲಿ ಎಷ್ಟೋ ತಾಂಡಾಗಳು ಊರಾಗಲಿಲ್ಲ.

ಇಲ್ಲಿ ಕಾನೂನು ಅವರ ವಿರುದ್ಧವಾಗಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ದಾಖಲೆರಹಿತ ವಸತಿಯ ನಿವಾಸಿಗಳಿಗೆ ಮನೆಯಡಿಯ ನೆಲದ ಒಡೆತನ ಕೊಡಲೆಂದೇ ಭೂಸುಧಾರಣಾ ಕಾಯ್ದೆಗೆ 38-ಎ ಕಲಂ ಸೇರಿದೆ. 2023ರ ಜನವರಿ 19ರಂದು ಮಳಖೇಡದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ವಿತರಿಸಲಾಯಿತು. ಆ ಜಿಲ್ಲೆಗಳಲ್ಲಿ ಕಂದಾಯ ಗ್ರಾಮಗಳಾದ ವಸತಿಗಳು ಸುಮಾರು 1,475. ಆದರೆ ಕಾಯ್ದೆಗೂ ಕಾಗದಕ್ಕೂ ನಡುವೆ ಬಡವನ ಬದುಕಿದೆ. ಗಂಗಾವತಿಗೆ ತುಂಗಭದ್ರೆಯ ಕಾಲುವೆಯಿದೆ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯವರಿಗೆ ಇರುವುದು ಗುಳೆ. ದುಡಿಯಲು ಪರವೂರಿಗೆ ಹೋದವನ ಬಾಗಿಲಿಗೆ ಸಮೀಕ್ಷೆಯ ದಿನ ಬೀಗವಿದ್ದರೆ ಅವನ ಹೆಸರು ಬರೆಸುವವರು ಯಾರು? ಹಕ್ಕುಪತ್ರವಿಲ್ಲದ ಮನೆಯ ಮೇಲೆ ಸಾಲ ಕೊಡುವ ಬ್ಯಾಂಕು ಯಾವುದು?

ಸಂತೆಯ ದಿನ ಈ ತಾಂಡಾಗಳ ಜನರು ನಮ್ಮ ಅಂಗಡಿಗಳಿಗೆ ಬರುತ್ತಾರೆ. ನಮ್ಮಲ್ಲಿ ವಕೀಲರಿದ್ದಾರೆ, ಅರ್ಜಿ ಬರೆಯಬಲ್ಲ ಪದವೀಧರ ಯುವಕರಿದ್ದಾರೆ. ಹಿರಿಯರು ಗುಳೆ ಹೋದಾಗ ಶಾಲೆ ಬಿಡುವ ಮಕ್ಕಳಿಗೆ ಆಸರೆಯಾಗಬಲ್ಲ ಸಂಸ್ಥೆಗಳಿವೆ. ನೆರೆಯವರ ಹಕ್ಕಿನ ಕುರಿತು ಜುಮಾ ಖುತ್ಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ನೆರೆಯವನು ನಮ್ಮ ಧರ್ಮದವನೇ ಆಗಿರಬೇಕೆಂದು ಯಾವ ಖತೀಬರೂ ಹೇಳಿದ್ದಿಲ್ಲ.

ನಖಬ್‌ನ ಬುಲ್ಡೋಜರನ್ನು ತಡೆಯುವ ಶಕ್ತಿ ನಮಗಿಲ್ಲದಿರಬಹುದು. ಆದರೆ ತಹಶೀಲ್ದಾರ್ ಕಚೇರಿಯ ಮೆಟ್ಟಿಲೇರಲು ಕಷ್ಟಪಡುವ ಒಬ್ಬ ಲಂಬಾಣಿ ಅಜ್ಜಿಯ ಜೊತೆ ಹೋಗಲು ನಮ್ಮನ್ನು ತಡೆಯುವವರು ಯಾರು?