ಪ್ರಶ್ನೆ ಕೇಳಿದವರು ಉತ್ತರಕ್ಕೆ ಅಂಜಬಾರದು

ವಿದ್ಯಾಪೀಠವನ್ನು ಸ್ಥಾಪಿಸುವುದೆಂದರೆ ಪ್ರಶ್ನೆಗೆ ಆಸನವನ್ನು ಕೊಟ್ಟಂತೆ. ಆಸನವನ್ನಿತ್ತ ಮೇಲೆ ಅದರ ಬಾಯಿ ಕಟ್ಟುವುದು ನ್ಯಾಯವಲ್ಲ, ನೀತಿಯೂ ಅಲ್ಲ. ರೋಮ್ ನಗರದ ಆಲ್ಫೋನ್ಸಿಯನ್ ಅಕಾಡೆಮಿಯ ಇತಿಹಾಸವನ್ನು ಅವಲೋಕಿಸಿದಾಗ ಈ ಮಾತನ್ನು ಹೇಳಲೇಬೇಕೆನಿಸುತ್ತದೆ. ಪರಧರ್ಮದೂಷಣೆ ನಮ್ಮ ಉದ್ದೇಶವಲ್ಲ. ಆದರೆ ನೀತಿಯನ್ನು ಬೋಧಿಸುವ ಪೀಠ ಎಲ್ಲಿಯೇ ಇರಲಿ, ಅದರ ಸೋಲುಗೆಲುವು ಪೀಠಸ್ಥರೆಲ್ಲರಿಗೂ ಪಾಠವೇ ಸರಿ.

ರೆಡೆಂಪ್ಟರಿಸ್ಟ್ ಸಂನ್ಯಾಸಿಸಂಘವು 1949ರಲ್ಲಿ ಸ್ಥಾಪಿಸಿದ ಈ ಸಂಸ್ಥೆ 1960ರಲ್ಲಿ ಲ್ಯಾಟರನ್ ವಿಶ್ವವಿದ್ಯಾಲಯದ ಅಂಗವಾಯಿತು. ಕ್ಯಾಥೊಲಿಕ್ ನೀತಿಶಾಸ್ತ್ರದ ಉನ್ನತ ವ್ಯಾಸಂಗವೇ ಅದರ ವೈಶಿಷ್ಟ್ಯ. ಅದು ಯಾರ ಹೆಸರನ್ನು ಹೊತ್ತಿದೆಯೋ ಆ ಸಂತ ಆಲ್ಫೋನ್ಸಸ್ ಲಿಗೋರಿಯವರು (1696–1787) ಮೊದಲು ನೇಪಲ್ಸ್ ನಗರದ ನ್ಯಾಯವಾದಿಗಳು. 1723ರಲ್ಲಿ ವ್ಯಾಜ್ಯವೊಂದರಲ್ಲಿ ಸೋತು, ಆ ವೃತ್ತಿಯನ್ನೇ ತೊರೆದು ಪಾದ್ರಿಗಳಾದರು. ನಿಯಮದ ಕಾಠಿಣ್ಯವು ಮನುಷ್ಯನನ್ನು ನಿರಾಶೆಗೆ ನೂಕಬಾರದು, ಅದರ ಸಡಿಲಿಕೆಯು ಸ್ವೇಚ್ಛೆಗೆ ಬಿಡಬಾರದು ಎಂಬುದು ಅವರ ಮಾರ್ಗ. ಡೊಮಿನಿಕನ್ ಪಂಡಿತ ಪಟುಜ್ಜಿಯವರು ಇದನ್ನು ಶಿಥಿಲನೀತಿಯೆಂದು ಗ್ರಂಥಮುಖೇನ ಖಂಡಿಸಿದರು. ಲಿಗೋರಿಯವರು ಗ್ರಂಥಮುಖೇನವೇ ಉತ್ತರಿಸಿದರು. 1871ರಲ್ಲಿ ಧರ್ಮಸಭೆಯೇ ಅವರನ್ನು ತನ್ನ ಆಚಾರ್ಯರ ಪಂಕ್ತಿಯಲ್ಲಿ ಕೂರಿಸಿತು.

ಈ ಪರಂಪರೆಯ ಯೋಗ್ಯ ಉತ್ತರಾಧಿಕಾರಿಯಾಗಿ ಅಕಾಡೆಮಿಯಲ್ಲಿ ದಶಕಗಳ ಕಾಲ ಬೋಧಿಸಿದವರು ಜರ್ಮನಿಯ ಬರ್ನ್‌ಹಾರ್ಡ್ ಹೇರಿಂಗ್. ಪಾಪಗಳ ಪಟ್ಟಿಯಾಗಿದ್ದ ಶಾಸ್ತ್ರವನ್ನು ಅವರು 1954ರ ‘ಕ್ರಿಸ್ತನ ನಿಯಮ’ ಗ್ರಂಥದಲ್ಲಿ ಪ್ರೇಮದ ಕರೆಗೆ ಓಗೊಡುವ ಶಾಸ್ತ್ರವನ್ನಾಗಿ ರೂಪಿಸಿದರು. ಸಂತಾನನಿಯಂತ್ರಣವನ್ನು ವಿಚಾರಮಾಡಲು ಪೋಪರೇ ನೇಮಿಸಿದ ಆಯೋಗದಲ್ಲಿ ಅವರೂ ಒಬ್ಬರು. 1966ರಲ್ಲಿ ಆಯೋಗದ ಬಹುಮತವು ಬದಲಾವಣೆಯ ಪರವಾಗಿತ್ತು. 1968ರಲ್ಲಿ ಆರನೆಯ ಪೌಲರು ಆ ಅಭಿಪ್ರಾಯವನ್ನು ಬದಿಗಿಟ್ಟು ಹಳೆಯ ನಿಷೇಧವನ್ನೇ ಸ್ಥಿರಪಡಿಸಿದರು. ಒಪ್ಪಲಾರೆನೆಂದ ಹೇರಿಂಗರು 1970ರ ದಶಕದಲ್ಲಿ, ಕಂಠದ ಕ್ಯಾನ್ಸರಿನಿಂದ ನರಳುತ್ತಿದ್ದಾಗಲೇ, ಸಿದ್ಧಾಂತಮಂಡಳಿಯ ವಿಚಾರಣೆಯನ್ನೆದುರಿಸಬೇಕಾಯಿತು. ಅದೇ ಅಕಾಡೆಮಿಯಲ್ಲಿ ಡಾಕ್ಟರೇಟ್ ಪಡೆದ ಅಮೆರಿಕದ ಚಾರ್ಲ್ಸ್ ಕರನ್ ಅವರನ್ನು 1986ರಲ್ಲಿ ಕ್ಯಾಥೊಲಿಕ್ ಧರ್ಮಶಾಸ್ತ್ರಬೋಧನೆಗೆ ಅನರ್ಹರೆಂದು ಘೋಷಿಸಲಾಯಿತು.

ಸಭೆಯ ಹೆಸರಿನಲ್ಲಿ ಬೋಧಿಸುವವನು ಸಭೆಯ ಸಿದ್ಧಾಂತವನ್ನೇ ಬೋಧಿಸಬೇಡವೇ ಎಂದು ಕೇಳುವವರುಂಟು. ಕೇಳತಕ್ಕ ಮಾತೇ. ತನ್ನ ಸಿದ್ಧಾಂತ ಇಂಥದೆಂದು ಸಾರುವ ಹಕ್ಕು ಯಾವ ಧರ್ಮಕ್ಕಾದರೂ ಇದೆ. ಆದರೆ ಶಿಕ್ಷೆಯು ಖಂಡನೆಯಲ್ಲ, ಮೌನವು ಸಮ್ಮತಿಯಲ್ಲ. ವಾದವನ್ನು ವಾದದಿಂದ ಗೆಲ್ಲಲಾರದೆ ಅಧಿಕಾರದಿಂದ ಅಡಗಿಸಿದರೆ, ಸೋತದ್ದು ವಾದಿಯಲ್ಲ, ಅಧಿಕಾರ. ಆಜ್ಞೆಯೇ ಸಾಕೆಂದಾದರೆ ಆಯೋಗವೇಕೆ? ಅಕಾಡೆಮಿಯೇಕೆ? ಒಂದು ಸುತ್ತೋಲೆ ಸಾಲದೇ?

2016ರಲ್ಲಿ ಪೋಪ್ ಫ್ರಾನ್ಸಿಸ್ ಅವರು, ನೀತಿಶಾಸ್ತ್ರ ಮತ್ತೆ ಅರಳುವಂತೆ ಹೊಸ ದಾರಿಯನ್ನು ಅರಸಿದವರಲ್ಲಿ ಹೇರಿಂಗರೇ ಮೊದಲಿಗರೆಂದು ಕೊಂಡಾಡಿದರು. ಹೇರಿಂಗರು ಗತಿಸಿ ಆಗಲೇ 18 ವರ್ಷಗಳಾಗಿದ್ದವು. ಸಮಾಧಿಯ ಮೇಲಿನ ಹೂವು ವಿಚಾರಣೆಯ ಕಟಕಟೆಯಲ್ಲಿ ನಿಂತವನಿಗೆ ಆಸರೆಯಾಗದು. ಬದುಕಿರುವಾಗ ಕೇಳಿಸಿಕೊಳ್ಳುವುದೇ ಗೌರವ. ಪೀಠದಲ್ಲಿ ಕುಳಿತವರೆಲ್ಲರೂ, ನಾವೂ ಸೇರಿ, ಇದನ್ನು ಮನಗಾಣುವುದು ಒಳಿತು.