ಭಂಗಾರಕ್ಕೆ ಹಾಕುವ ಮೊದಲು ಶಟರ್ ಎತ್ತಿ ನೋಡ್ರಿ

ಚಿಕ್ಕೋಡಿಯಿಂದ ಕಾಗವಾಡದವರೆಗೆ ಯಾವ ಊರಿಗೆ ಹೋದರೂ ಬೆಳಿಗ್ಗೆ ಹೊತ್ತು ಒಂದು ದನಿ ಕೇಳಿಸುತ್ತದೆ. ಟಂಟಂ ಗಾಡಿಗೆ ಸ್ಪೀಕರ್ ಕಟ್ಟಿಕೊಂಡು "ಹಳೇ ಟಿವಿ, ಹಳೇ ಕೂಲರ್, ಸುಟ್ಟ ಮೋಟರ್, ಭಂಗಾರ..." ಎಂದು ಕೂಗುತ್ತ ಹೋಗುವವನ ದನಿ. ದೀಪಾವಳಿ ಹತ್ತಿರ ಬಂತೆಂದರೆ ಅವನ ಗಾಡಿ ಮಧ್ಯಾಹ್ನದೊಳಗೇ ತುಂಬುತ್ತದೆ. ಅವನ ಮೇಲೆ ನಮಗೇನೂ ಸಿಟ್ಟಿಲ್ಲ. ಅವನದು ಹೊಟ್ಟೆಪಾಡು. ಸಿಟ್ಟಿರುವುದು, ಹತ್ತಿಪ್ಪತ್ತು ವರ್ಷ ಕೀಲಿ ಹಾಕಿದ್ದ ಅಂಗಡಿಯ ಶಟರ್ ಎತ್ತಿ, ಒಳಗೆ ಏನಿದೆ ಎಂದೂ ನೋಡದೆ "ಎಲ್ಲಾ ತಗೊಂಡ್ ಹೋಗಪಾ, ಜಾಗಾ ಖಾಲಿ ಆದ್ರ ಸಾಕು" ಎನ್ನುವ ನಮ್ಮವರ ಮೇಲೆ.

ನಾವು ಹೇಳುತ್ತಿರುವುದು ವಿಡಿಯೋ ಗೇಮ್ ಅಂಗಡಿಗಳ ಬಗ್ಗೆ. ಈಗ ಮೂವತ್ತೈದು ನಲವತ್ತರ ಆಸುಪಾಸಿನಲ್ಲಿರುವ ಗಂಡಸರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಬಸ್ ಸ್ಟ್ಯಾಂಡ್ ಹಿಂದೆ, ಟಾಕೀಜ್ ಪಕ್ಕ, ಸಂತೆ ರಸ್ತೆಯ ಒಂದು ಕತ್ತಲೆ ಖೋಲಿ. ಒಳಗೆ ಗೋಡೆಗುಂಟ ನಾಲ್ಕೈದು ಪ್ಲೈವುಡ್ ಪೆಟ್ಟಿಗೆ. ಅದರೊಳಗೊಂದು ಟಿವಿ, ಮುಂದೊಂದು ಹಲಗೆ, ಹಲಗೆಯ ಮೇಲೆ ಹಿಡಿಕೆ ಮತ್ತು ಬಟನ್. ಒಂದು ರೂಪಾಯಿ ಕೊಟ್ಟರೆ ಒಂದು ಆಟ. ಹಿಂದೆ ನಿಂತು ನೋಡಲು ಪುಕ್ಕಟೆ. ರೊಕ್ಕ ಇಲ್ಲದವರೇ ಹೆಚ್ಚು ಇರುತ್ತಿದ್ದುದರಿಂದ ನೋಡುವವರ ಗುಂಪೇ ಯಾವಾಗಲೂ ದೊಡ್ಡದು. ಸಲಹೆ ಕೊಡುವವರೂ ಅವರೇ.

ಆ ಖೋಲಿಗಳು ಮುಚ್ಚಿದವು. ಮೊದಲು ಮನೆಯಲ್ಲಿ ಟಿವಿಗೆ ಹಚ್ಚುವ ಕ್ಯಾಸೆಟ್ ಗೇಮ್ ಬಂತು, ನಂತರ ಸೈಬರ್ ಕೆಫೆ, ಆಮೇಲೆ ಮೊಬೈಲ್. ಆದರೆ ಅಂಗಡಿ ಮುಚ್ಚಿದ ಮಾತ್ರಕ್ಕೆ ಪೆಟ್ಟಿಗೆಗಳು ಮಾಯವಾಗಲಿಲ್ಲ. ಕೆಲವು ಮಾಲೀಕರು ಅಲ್ಲೇ ಮೊಬೈಲ್ ರಿಚಾರ್ಜ್ ಅಂಗಡಿ ಇಟ್ಟು ಪೆಟ್ಟಿಗೆಗಳನ್ನು ಅಟ್ಟಕ್ಕೆ ಏರಿಸಿದರು. ಕೆಲವರು ಹಿತ್ತಲಲ್ಲಿ ತಾಡಪತ್ರಿ ಹೊದಿಸಿಟ್ಟರು. ಕೆಲವರು ಕೀಲಿ ಹಾಕಿ ಹಾಗೇ ಬಿಟ್ಟರು. ಈಗ ಆ ಕಟ್ಟಡಗಳು ಒಂದೊಂದಾಗಿ ಬೀಳುತ್ತಿವೆ, ಕಾಂಪ್ಲೆಕ್ಸ್ ಏಳುತ್ತಿವೆ. ಪೆಟ್ಟಿಗೆಗಳು ಗಾಡಿ ಹತ್ತುತ್ತಿವೆ.

ಹೋದರೆ ಏನು ಹೋಯಿತು ಎನ್ನುತ್ತೀರಾ? ಒಂದೇ ಒಂದು ಆಟವನ್ನು ತೆಗೆದುಕೊಳ್ಳಿ. ನಮ್ಮ ಕಡೆ ಅದರ ಹೆಸರು 'ಮುಸ್ತಫಾ'. ನಿಪ್ಪಾಣಿಯ ಮರಾಠಿ ಹುಡುಗನೂ, ರಾಯಬಾಗದ ಕನ್ನಡ ಹುಡುಗನೂ ಅದನ್ನು ಮುಸ್ತಫಾ ಎಂದೇ ಕರೆದರು. ಗಡಿ ಜಗಳ ಅದೊಂದು ಪೆಟ್ಟಿಗೆಯ ಮುಂದೆ ಬರಲಿಲ್ಲ. ಅದರ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್'. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಬಿಟ್ಟ ಆಟ. ಮಾರ್ಕ್ ಶುಲ್ಟ್ಸ್ ಎಂಬ ಅಮೆರಿಕದ ಚಿತ್ರಗಾರನ ಕಾಮಿಕ್ಸ್ ಮೇಲೆ ಮಾಡಿದ್ದು. ಅದರಲ್ಲಿ ಆಯ್ಕೆ ಮಾಡಿಕೊಳ್ಳಲು ನಾಲ್ಕು ಮಂದಿ ಇದ್ದರು: ಜ್ಯಾಕ್, ಹಾನಾ, ಮುಸ್ತಫಾ, ಮೆಸ್. ಆ ನಾಲ್ವರಲ್ಲಿ ನಮ್ಮವರ ಬಾಯಿಗೆ ಸಲೀಸಾಗಿ ಹತ್ತಿದ ಹೆಸರು ಒಂದೇ, ಇಡೀ ಆಟಕ್ಕೆ ಅದೇ ಹೆಸರಾಯಿತು. ದೇಶದ ತುಂಬ ಹೀಗೇ ಆಗಿದೆ, ನಮ್ಮಲ್ಲಿ ಮಾತ್ರ ಅಲ್ಲ.

ಈ ಆಟವನ್ನು ಇವತ್ತು ನೀವು ರೊಕ್ಕ ಕೊಟ್ಟು ಅಂಗಡಿಯಲ್ಲಿ ಕೊಳ್ಳಲು ಬರುವುದಿಲ್ಲ. ಅದನ್ನು ಮನೆಯ ಯಂತ್ರಕ್ಕೆ, ಮೊಬೈಲಿಗೆ ಕಂಪನಿ ಅಧಿಕೃತವಾಗಿ ಎಂದೂ ತರಲೇ ಇಲ್ಲ. 2018ರಲ್ಲಿ ಕ್ಯಾಪ್‌ಕಾಮ್ ತನ್ನ ಹಳೆಯ ಹೊಡೆದಾಟದ ಆಟಗಳನ್ನು ಒಟ್ಟು ಮಾಡಿ ಮಾರಿತು, ಅದರಲ್ಲೂ ಮುಸ್ತಫಾ ಇರಲಿಲ್ಲ. ಇದು ಒಂದು ಆಟದ ಕಥೆಯಲ್ಲ. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ 100ಕ್ಕೆ 87 ಇವತ್ತು ಮಾರಾಟಕ್ಕೆ ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಹೇಳಿತು. ಆಟ ಹುಟ್ಟಿಸಿದ ಕಂಪನಿಗಳೇ ಉಳಿಸಿಕೊಳ್ಳದ್ದನ್ನು ಉಳಿಸಿದವರು ಯಾರು? ಪೆಟ್ಟಿಗೆ ಇಟ್ಟುಕೊಂಡಿದ್ದವರು.

"ಮೊಬೈಲ್‌ನ್ಯಾಗ ಸಿಗತೈತಲ್ರೀ ಮುಸ್ತಫಾ" ಎನ್ನುವವರು ಇದ್ದಾರೆ. ಸಿಗುತ್ತದೆ, ಹೌದು. ಹೇಗೆ ಸಿಗುತ್ತದೆ ಗೊತ್ತೇ? 1997ರಿಂದ 'ಮೇಮ್' ಎನ್ನುವ ಸಾಫ್ಟ್‌ವೇರ್ ಇದೆ. ಹಳೆಯ ಆಟದ ಬೋರ್ಡ್ ಹೇಗೆ ಕೆಲಸ ಮಾಡುತ್ತಿತ್ತೋ ಅದನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಾಫ್ಟ್‌ವೇರ್ ಅದು. ಆದರೆ ಆಟ ಅದರೊಳಗೆ ತಾನಾಗಿ ಬರುವುದಿಲ್ಲ. ಎಲ್ಲೋ ಒಬ್ಬರು ನಿಜವಾದ ಬೋರ್ಡನ್ನು ಭಂಗಾರಕ್ಕೆ ಹಾಕದೆ ಇಟ್ಟುಕೊಂಡು, ಅದರ ಚಿಪ್ಪುಗಳನ್ನು ಒಂದೊಂದಾಗಿ ಓದಿಸಿ ದಾಖಲೆ ಮಾಡಿದ್ದರಿಂದ ನಿಮ್ಮ ಮೊಬೈಲಿಗೆ ಅದು ಬಂದಿದೆ. ಬೋರ್ಡ್ ಮೊದಲು, ಮೊಬೈಲ್ ಆಮೇಲೆ.

ಇನ್ನೊಂದು ಆಕ್ಷೇಪ ಕೇಳಿ ನಮಗೆ ನಗು ಬಂತು: "ನಮ್ಮ ಕಡೆ ಬಂದಿದ್ದೆಲ್ಲಾ ಡೂಪ್ಲಿಕೇಟ್ ಬೋರ್ಡ್, ಅದಕ್ಕೇನು ಕಿಮ್ಮತ್ತು?" ಹಳ್ಳಿ ಪೇಟೆಗಳಿಗೆ ನಕಲಿ ಬೋರ್ಡೇ ಹೆಚ್ಚು ಬಂದಿದ್ದು ನಿಜ. ಆದರೆ ಈ ಆಟದ ಅಸಲಿ ಬೋರ್ಡಿನಲ್ಲಿ ಒಂದು ಬ್ಯಾಟರಿ ಇತ್ತು. ಆಟದ ಒಂದು ಭಾಗದ ಗುಪ್ತ ಕೀಲಿಯನ್ನು ಹಿಡಿದಿಟ್ಟಿದ್ದು ಆ ಬ್ಯಾಟರಿ. ಅದು ಸತ್ತರೆ ಕೀಲಿ ಅಳಿಸಿಹೋಗುತ್ತದೆ, ಆಟ ಏಳುವುದಿಲ್ಲ. ನಕಲು ಮಾಡುವವರಿಗೆಂದು ಕಂಪನಿ ಇಟ್ಟ ಬೀಗ ಅದು. ನಕಲು ಮಾಡಿದವರು ಆ ಬೀಗವನ್ನೇ ಕಿತ್ತು ಹಾಕಿದರು. ಹಾಗಾಗಿ ಅಸಲಿ ಬೋರ್ಡುಗಳು ವಯಸ್ಸಾದಂತೆ ತಾವಾಗಿ ಸಾಯುತ್ತವೆ, ಡೂಪ್ಲಿಕೇಟ್ ಬೋರ್ಡಿಗೆ ಆ ಸಾವಿಲ್ಲ. ಕಳ್ಳತನವನ್ನು ನಾವು ಹೊಗಳುತ್ತಿಲ್ಲ. ನಿಮ್ಮ ಅಟ್ಟದ ಮೇಲಿನ 'ಡೂಪ್ಲಿಕೇಟ್' ಇನ್ನೂ ಜೀವಂತ ಇರಬಹುದು ಎಂದಷ್ಟೇ ಹೇಳುತ್ತಿದ್ದೇವೆ. ಇಂಥ ನಕಲಿಗಳನ್ನೂ ಮೇಮ್‌ನವರು ಬೇರೆ ಬೇರೆಯಾಗಿ ದಾಖಲೆ ಮಾಡುತ್ತಾರೆ, ಯಾಕೆಂದರೆ ಎರಡು ನಕಲಿಗಳು ಒಂದೇ ತರ ಇರುವುದಿಲ್ಲ.

ಈಗ ಗಟ್ಟಿ ಆಕ್ಷೇಪಕ್ಕೆ ಬರೋಣ. "ಅವು ಹುಡುಗೂರನ್ನ ಕೆಡಿಸಿದ ಅಡ್ಡಾಗೋಳು, ಹೋದ್ರ ಹೋಗ್ಲಿ." ಸಾಲಿ ತಪ್ಪಿಸಿದ್ದು, ಅಪ್ಪನ ಅಂಗಿ ಕಿಸೆಯಿಂದ ಚಿಲ್ಲರೆ ಎಗರಿಸಿದ್ದು ಸುಳ್ಳಲ್ಲ. ಇದಕ್ಕಿಂತ ದೊಡ್ಡ ತಕರಾರನ್ನು ನಮ್ಮ ಗುಂಪಿನ ಗೆಳತಿಯರೇ ಎತ್ತಿದರು: "ಆ ಖೋಲಿಯೊಳಗ ನಮಗ ಕಾಲಿಡಾಕೂ ಬಿಡ್ತಿರಲಿಲ್ಲ. ನಿಮ್ಮ ನೆನಪು ಉಳಿಸಾಕ ನಾವ್ಯಾಕ ಬಡಿದಾಡಬೇಕು?" ಇದಕ್ಕೆ ನಮ್ಮ ಗಂಡುಹುಡುಗರ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಉತ್ತರ ಕೊಟ್ಟವರೂ ಅವರೇ: ಹಾಗಿದ್ದರೆ ಉಳಿದ ಪೆಟ್ಟಿಗೆಯನ್ನು ಎಲ್ಲರೂ ಹೋಗುವ ಜಾಗದಲ್ಲಿ ಇಡಿ, ನಾವೂ ಒಮ್ಮೆ ಆಡುತ್ತೇವೆ.

ಆದರೆ 'ಜೂಜಿನ ಅಡ್ಡಾ' ಎಂಬ ಹೆಸರು ಎಲ್ಲಿಂದ ಬಂತು ಎಂದು ಕೇಳಲೇಬೇಕು. ಬೆಂಗಳೂರಿನಲ್ಲಿ ವಿಡಿಯೋ ಗೇಮ್ ನಡೆಸುವವರಿಗೆ ಲೈಸೆನ್ಸ್ ಬೇಕೇ ಬೇಡವೇ ಎಂಬ ತಂಟೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಎಂ.ಜೆ. ಶಿವಾನಿ ಪ್ರಕರಣ ಎಂದೇ ಅದಕ್ಕೆ ಹೆಸರು. 1995ರ ಏಪ್ರಿಲ್‌ನಲ್ಲಿ ಕೋರ್ಟು ಲೈಸೆನ್ಸ್ ಬೇಕು ಎಂದಿತು. ಅಲ್ಲಿ ಚರ್ಚೆಗೆ ಬಂದ ಮುಖ್ಯ ಪ್ರಶ್ನೆ, ಆಟ ಕೌಶಲದ್ದೋ ಅದೃಷ್ಟದ್ದೋ ಎಂಬುದು. ಮುಸ್ತಫಾ ಆಡಿದವರಿಗೆ ಆ ಪ್ರಶ್ನೆಯೇ ಏಳುವುದಿಲ್ಲ. ಅದರಲ್ಲಿ ಗೆದ್ದರೆ ಒಂದು ಪೈಸೆಯೂ ಬರುವುದಿಲ್ಲ, ಇನ್ನೊಂದು ಲೆವೆಲ್ ಬರುತ್ತದೆ. ಆದರೂ ಜೂಜಿನ ಮಷೀನಿಗೂ ಹುಡುಗರ ಆಟದ ಪೆಟ್ಟಿಗೆಗೂ ಊರಿನ ಬಾಯಲ್ಲಿ ಒಂದೇ ಹೆಸರು ಬಿತ್ತು.

ಒಂದು ರೂಪಾಯಿಯ ಪೆಟ್ಟಿಗೆಯನ್ನು ಜೂಜು ಎಂದು ಬೈದ ಅದೇ ಊರುಗಳಲ್ಲಿ ಮುಂದೆ ಏನಾಯಿತು? ಪ್ರತಿಯೊಬ್ಬರ ಕಿಸೆಯಲ್ಲಿ ರಮ್ಮಿ ಬಂತು, ಕ್ರಿಕೆಟ್ ತಂಡ ಕಟ್ಟಿ ರೊಕ್ಕ ಹಚ್ಚುವ ಆ್ಯಪ್ ಬಂತು. ಕರ್ನಾಟಕ 2021ರಲ್ಲಿ ಕಾನೂನು ತಂದು ನಿಲ್ಲಿಸಲು ಹೋಯಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ರೊಕ್ಕದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನು ಬರಲು 2025ರ ಆಗಸ್ಟ್ ಆಗಬೇಕಾಯಿತು. ಕತ್ತಲೆ ಖೋಲಿಯಲ್ಲಿ ಹುಡುಗ ಕಳೆದುಕೊಂಡಿದ್ದು ಒಂದು ರೂಪಾಯಿ, ಮತ್ತು ಅವನು ಅಲ್ಲಿದ್ದಾನೆ ಎಂದು ಇಡೀ ಊರಿಗೆ ಗೊತ್ತಿರುತ್ತಿತ್ತು. ಅವನ ಕಾಕಾ ಬಂದು ಕಿವಿ ಹಿಡಿದು ಮನೆಗೆ ಎಳೆದೊಯ್ಯುತ್ತಿದ್ದ. ಮೊಬೈಲ್ ರಮ್ಮಿಯಲ್ಲಿ ಕಬ್ಬಿನ ಬಿಲ್ ಕಳೆದುಕೊಂಡವನ ಕಿವಿ ಹಿಡಿಯಲು ಯಾರಿಗೂ ಗೊತ್ತೇ ಆಗಲಿಲ್ಲ.

ಸರ್ಕಾರ ಕಾಪಾಡುತ್ತದೆ ಎಂದು ಕಾಯಬೇಡಿ. ಪ್ರಾಚ್ಯವಸ್ತು ಕಾನೂನು 1972ರದ್ದು. ಅದರ ಪ್ರಕಾರ ವಸ್ತುವಿಗೆ 100 ವರ್ಷ ಆಗಿರಬೇಕು. ನಮ್ಮ ಪೆಟ್ಟಿಗೆಗಳಿಗೆ ಅಷ್ಟು ವಯಸ್ಸಾಗಲು ಇನ್ನೂ ಎಪ್ಪತ್ತು ವರ್ಷ ಬೇಕು, ಅಷ್ಟರಲ್ಲಿ ಗೆದ್ದಲು ತನ್ನ ಕೆಲಸ ಮುಗಿಸಿರುತ್ತದೆ. ಅನಿಮೇಶನ್, ಗೇಮಿಂಗ್ ಉದ್ಯಮಕ್ಕೆಂದು ಪಾಲಿಸಿ ತಂದ ಮೊದಲ ರಾಜ್ಯ ನಮ್ಮದು. 2012ರಲ್ಲಿ ಒಂದು, 2024ರಲ್ಲಿ ಮತ್ತೊಂದು. ಅಷ್ಟೆಲ್ಲ ಪಾಲಿಸಿ ಇರುವ ರಾಜ್ಯದಲ್ಲಿ ಅಥಣಿಯ ಒಂದು ಹಳೆಯ ಪೆಟ್ಟಿಗೆ ಇಡಲು ಎಂಟು ಅಡಿ ಗೋಡೆ ಸಿಗುವುದಿಲ್ಲವೇ?

ಬೇರೆ ಕಡೆ ಏನು ಮಾಡಿದರು ಕೇಳಿ. ಬ್ರಿಟನ್ನಿನ ವೇಲ್ಸ್ ತೀರದಲ್ಲಿ 'ಡ್ಯೂಕ್ ಆಫ್ ಲಂಕಾಸ್ಟರ್' ಎಂಬ ಹಳೆಯ ಹಡಗು ದಡಕ್ಕೆ ಹತ್ತಿಕೊಂಡು ನಿಂತಿದೆ. 1979ರಲ್ಲಿ ಅದನ್ನು ಅಲ್ಲಿ ತಂದು ನಿಲ್ಲಿಸಿ ಮೋಜಿನ ಜಾಗ ಮಾಡಿದರು, ಒಳಗೆ ಗೇಮ್ ಪೆಟ್ಟಿಗೆಗಳನ್ನು ಇಟ್ಟರು. ಕೆಲವೇ ವರ್ಷಗಳಲ್ಲಿ ವ್ಯಾಪಾರ ನಿಂತಿತು, ಹಡಗಿಗೆ ಕೀಲಿ ಬಿತ್ತು. ಸುಮಾರು ಮೂರು ದಶಕ ಪೆಟ್ಟಿಗೆಗಳು ಕತ್ತಲಲ್ಲೇ ಇದ್ದವು. ಕೊನೆಗೆ ಹವ್ಯಾಸಿಗಳು ಮಾಲೀಕರ ಜೊತೆ ಮಾತಾಡಿ, ಕ್ರೇನ್ ತರಿಸಿ, ಒಂದೊಂದಾಗಿ ಇಳಿಸಿಕೊಂಡರು. ರಿಪೇರಿ ಮಾಡಿ ಮತ್ತೆ ಹಚ್ಚಿದರು. ಅವರು ಹಡಗಿನಿಂದ ಇಳಿಸಬಹುದಾದರೆ ನಾವು ಅಟ್ಟದಿಂದ ಇಳಿಸಲಾರೆವಾ?

ಮತ್ತು ನಮಗೆ ಕಾಯಲು ಮೂವತ್ತು ವರ್ಷ ಇಲ್ಲ. ನಮ್ಮಲ್ಲಿ ಕೃಷ್ಣೆ ಇದ್ದಾಳೆ, ದೂಧಗಂಗಾ ವೇದಗಂಗಾ ಇವೆ. 2005, 2019, 2021ರ ನೀರು ನೋಡಿದವರಿಗೆ ಹೇಳಬೇಕಾಗಿಲ್ಲ. ನೆಲಮಟ್ಟದಲ್ಲಿಟ್ಟ ಪ್ಲೈವುಡ್ ಒಮ್ಮೆ ನೀರು ಕುಡಿದರೆ ಮುಗಿಯಿತು.

ಭಂಗಾರಕ್ಕೆ ಹೋದ ಪೆಟ್ಟಿಗೆಯ ಗತಿಯೂ ಚೆನ್ನಾಗಿಲ್ಲ. ಹಳೆಯ ಟಿವಿ ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತದೆ. ತಾಮ್ರದ ಕಾಯಿಲ್ ಕಿತ್ತುಕೊಳ್ಳಲು ಟ್ಯೂಬನ್ನು ಕಲ್ಲಿನಿಂದ ಒಡೆಯುತ್ತಾರೆ, ವೈರು ಸುಡುತ್ತಾರೆ. ಒಡೆಯುವವರು ಬಹುಪಾಲು ಹುಡುಗರೇ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪಟ್ಟಿಯಲ್ಲಿ ವಿಡಿಯೋ ಗೇಮೂ ಇದೆ, ನಾಣ್ಯ ಹಾಕುವ ಮಷೀನೂ ಇದೆ. ನೋಂದಣಿ ಇರುವವರಿಗಷ್ಟೇ ಕೊಡಬೇಕು. ಕಾಗದದ ಮೇಲೆ.

ಹಾಗಾದರೆ ಏನು ಮಾಡಬೇಕು? ಎಲ್ಲ ಪೆಟ್ಟಿಗೆಗಳನ್ನು ಉಳಿಸಿ ಎಂದು ನಾವು ಹೇಳುತ್ತಿಲ್ಲ. ಐದು ತಾಲೂಕಿಗೆ ಐದು ಸಾಕು. ಒಂದೊಂದು ತಾಲೂಕಿನಲ್ಲಿ ಒಂದೊಂದು ಐಟಿಐ, ಇಲ್ಲವೇ ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರ ಒಂದನ್ನು ತೆಗೆದುಕೊಳ್ಳಲಿ. ಐಟಿಐ ಎಂದು ಹೇಳಲು ಕಾರಣ ಇದೆ. ಈ ಪೆಟ್ಟಿಗೆಗಳ ವೈರಿಂಗ್ 1985ರ ಸುಮಾರಿಗೆ ಜಪಾನಿನವರು ಮಾಡಿದ 'ಜಮ್ಮಾ' ಎಂಬ ಕ್ರಮದಲ್ಲಿರುತ್ತದೆ: ಬೋರ್ಡಿನ ಅಂಚಿಗೆ 56 ಪಿನ್ನಿನ ಒಂದೇ ಕನೆಕ್ಟರ್, ಕರೆಂಟು, ಚಿತ್ರ, ಸದ್ದು, ಬಟನ್ ಎಲ್ಲ ಅದರಲ್ಲೇ. ಒಂದು ಬೋರ್ಡ್ ತೆಗೆದು ಇನ್ನೊಂದು ಚುಚ್ಚಿದರೆ ಆಟ ಬದಲಾಯಿತು. ಎಲೆಕ್ಟ್ರಾನಿಕ್ಸ್ ಕಲಿಯುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಪುಸ್ತಕದ ಸರ್ಕ್ಯೂಟ್ ಯಾರೂ ಗೆದ್ದು ಕುಣಿಯುವುದಿಲ್ಲ.

ಮಾಲೀಕರಾದ ಅಣ್ಣಂದಿರಿಗೆ, ಕಾಕಾಗಳಿಗೆ ಒಂದು ಮಾತು. ಗಾಡಿಯವನನ್ನು ಕರೆಯುವ ಮೊದಲು ಪೆಟ್ಟಿಗೆಯ ಫೋಟೋ ತೆಗೆಯಿರಿ. ಪ್ಲಗ್ ಹಾಕಿ ನೋಡುವ ಆಸೆ ಬೇಡ. ವರ್ಷಗಟ್ಟಲೆ ಮುಚ್ಚಿಟ್ಟ ವೈರನ್ನು ಇಲಿ ಕಡಿದಿರುತ್ತದೆ. ಟ್ಯೂಬಿನ ಹಿಂದೆ ಕೈ ಹಾಕಬೇಡಿ, ಪ್ಲಗ್ ತೆಗೆದಿದ್ದರೂ ಅಲ್ಲಿ ಹೊಡೆತ ಉಳಿದಿರಬಹುದು. ಊರಿನ ಹಳೆಯ ಟಿವಿ ಮೆಕ್ಯಾನಿಕ್ ಇನ್ನೂ ಇದ್ದರೆ ಅವರನ್ನೇ ಕರೆಯಿರಿ, ಅವರಿಗೂ ಈಗ ಕೆಲಸ ಕಡಿಮೆ. ಬೋರ್ಡನ್ನು ಬಿಚ್ಚಿದರೆ ಚಿಪ್ಪಿನ ಮೇಲೆ ಅಂಟಿಸಿದ ಸಣ್ಣ ಚೀಟಿಗಳು ಕಾಣುತ್ತವೆ. ಹೊಲಸು ಎಂದು ಅವನ್ನು ಕಿತ್ತು ಒರೆಸಬೇಡಿ. ಚೀಟಿಯ ಕೆಳಗೆ ಗಾಜಿನ ಪುಟ್ಟ ಕಿಟಕಿ ಇರುತ್ತದೆ, ಅದರೊಳಗೆ ಬಿಸಿಲು ಬಿದ್ದರೆ ಚಿಪ್ಪಿನಲ್ಲಿದ್ದ ಆಟ ನಿಧಾನಕ್ಕೆ ಅಳಿಸಿಹೋಗುತ್ತದೆ. ಒಣ ಅರಿವೆಯಲ್ಲಿ ಸುತ್ತಿ, ಬಿಸಿಲು ತಾಗದ ಕಡೆ, ನೀರು ಬರದ ಎತ್ತರದಲ್ಲಿ ಇಡಿ. ಪೆಟ್ಟಿಗೆಯ ಮೇಲೆ ನಿಮ್ಮ ಅಂಗಡಿಯ ಹೆಸರನ್ನು ಪೇಂಟರ್ ಬರೆದಿದ್ದರೆ ಅದನ್ನೂ ಹಾಗೇ ಬಿಡಿ.